ಎರವಲು ತಂದ ಶಾಲೆ

ನನ್ನ ಹೊಲಿಗೆ ಅಂಗಡಿ ಸರ್ಕಾರಿ ಶಾಲೆಯ ಗೇಟಿಗೆ ಎದುರಾಗಿಯೇ ಇದೆ. ಮಿಷನ್ ತುಳಿಯುತ್ತ ತಲೆ ಎತ್ತಿದರೆ ಶಾಲೆಯ ಅಂಗಳ ಕಾಣುತ್ತಿತ್ತು, ಅಂಗಳ ಕಂಡರೆ ದೊಡ್ಡಮ್ಮ ಕಾಣುತ್ತಿದ್ದಳು. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನ್ನದು. ಪಕ್ಕದ ಸಲೂನಿನವನೂ ಆ ಹಕ್ಕು ತನ್ನದೇ ಅನ್ನುತ್ತಾನೆ. ಅವನನ್ನು ನಂಬಬೇಡಿ. ಗಿರಾಕಿಯ ತಲೆ ಕೈಗೆ ಸಿಕ್ಕಮೇಲೆ ಬಾಯಿಗೆ ಬಂದದ್ದು ಹೇಳುವ ಮನುಷ್ಯ ಅವನು. ಅರ್ಧ ಕೂದಲು ಬಿಟ್ಟು ಯಾರು ತಾನೇ ಎದ್ದು ಹೋಗುತ್ತಾರೆ?

ದೊಡ್ಡಮ್ಮ ಶಾಲೆಯ ಆಯಾ. ಬೀದಿಗೆಲ್ಲ ಅವಳು ದೊಡ್ಡಮ್ಮ. ನನಗೂ ದೊಡ್ಡಮ್ಮ, ಹೆಡ್ ಮೇಷ್ಟ್ರಿಗೂ ದೊಡ್ಡಮ್ಮ, ಹೆಡ್ ಮೇಷ್ಟ್ರ ಮುದಿ ಅಪ್ಪ ಶಾಲೆಯ ಕಡೆ ಬಂದರೆ ಅವರಿಗೂ ದೊಡ್ಡಮ್ಮ. ಅವಳು ಆ ಶಾಲೆಗೆ ಮೊದಲು ಸೇರಿದ್ದು ಓದುವುದಕ್ಕೆ. ಅಕ್ಷರಗಳು ಅವಳ ಕಣ್ಣ ಮುಂದೆ ಇರುವೆ ಸಾಲು ಚೆದುರಿದ ಹಾಗೆ ಚೆದುರಿಹೋಗುತ್ತಿದ್ದವಂತೆ. ಆಗಿನ ಮೇಷ್ಟ್ರು ಕೆಟ್ಟವರೇನಲ್ಲ, ತಾಳ್ಮೆ ಇರಲಿಲ್ಲ ಅಷ್ಟೆ. "ನಿನಗೆ ಇದು ಹತ್ತೋದಲ್ಲ ಮಗು, ಹೋಗಿ ಅಂಗಳ ಗುಡಿಸಿಬಿಡು" ಅಂತ ಪೊರಕೆ ಕೊಟ್ಟರು. ಇವಳು ಗುಡಿಸಿದಳು. ಓರಗೆಯವರೆಲ್ಲ ಪಾಸಾಗಿ ಹೋದರು, ಇವಳು ಗುಡಿಸುತ್ತಲೇ ಇದ್ದಳು. ಮದುವೆಯಾದಳು, ಮಗಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ಪೊರಕೆ ಮಾತ್ರ ಬಿಡಲಿಲ್ಲ. ಕೊನೆಗೆ ಶಾಲೆಗೇ ನಾಚಿಕೆಯಾಗಿ ಅವಳಿಗೆ ಸಂಬಳ ಕೊಡಲು ಶುರುಮಾಡಿತು.

ಓದು ಹತ್ತದಿದ್ದರೇನು, ಒಂದು ವಿದ್ಯೆಯಲ್ಲಿ ಅವಳದು ಎತ್ತಿದ ಕೈ. ತಪಾಸಣೆಯ ದಿನ ಶಾಲೆಯನ್ನು ಸಿಂಗರಿಸುವುದು.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಮೇಲಿನಿಂದ ಸಾಹೇಬರು ಬರುತ್ತಾರೆ ಅಂದರೆ ಸಾಕು, ದೊಡ್ಡಮ್ಮ ಬೆಳಿಗ್ಗೆ ಬೀದಿಗಿಳಿಯುತ್ತಿದ್ದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಮೀನಿನ ತೊಟ್ಟಿ. ಬ್ಯಾಂಕಿನ ಬಾಗಿಲಲ್ಲಿದ್ದ ಹೂಕುಂಡಗಳು, ಅವನ್ನು ಕಾಯಲು ಬ್ಯಾಂಕಿನ ಗಾರ್ಡು ಕೂಡ. ಪೀಠೋಪಕರಣದ ಅಂಗಡಿಯಿಂದ ಸೋಫಾ, ಬೆಲೆ ಚೀಟಿ ಒಳಕ್ಕೆ ಮಡಚಿ. ಹಳೇ ಪೇಪರ್ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ದಪ್ಪ ದಪ್ಪ ಪುಸ್ತಕಗಳು. ಜೆರಾಕ್ಸ್ ಅಂಗಡಿಯಿಂದ ಒಂದು ಕಂಪ್ಯೂಟರು. ಅದಕ್ಕೆ ಜೀವವಿರಲಿಲ್ಲ, ಆದರೆ ಒಬ್ಬ ಹುಡುಗಿ ಎದುರಿಗೆ ಕೂತು ಹುಬ್ಬು ಗಂಟಿಕ್ಕಿ ಕೀಲಿ ಒತ್ತುತ್ತಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಸಲೂನಿನವನು ಕೊಡುತ್ತಿದ್ದದ್ದು ಗೋಡೆ ಗಡಿಯಾರ. ಆ ಪುಣ್ಯಾತ್ಮ ಅದನ್ನು ಕನ್ನಡಿಯಲ್ಲಿ ನೋಡುವುದಕ್ಕೆಂದೇ ಮಾಡಿಸಿದ್ದ. ಅಂಕಿಗಳೆಲ್ಲ ತಿರುಗುಮುರುಗು, ಮುಳ್ಳುಗಳು ಹಿಂದಕ್ಕೆ ಓಡುತ್ತಿದ್ದವು. ಹೆಡ್ ಮೇಷ್ಟ್ರ ರೂಮಿನಲ್ಲಿ ಅದನ್ನು ನೋಡಿದ ಸಾಹೇಬರೆಲ್ಲ ತಮ್ಮ ವಾಚನ್ನೇ ಕಿವಿಗಿಟ್ಟು ಅಲ್ಲಾಡಿಸಿ ನೋಡುತ್ತಿದ್ದರು, ಒಬ್ಬರಾದರೂ ಬಾಯಿಬಿಟ್ಟು ಕೇಳಲಿಲ್ಲ.

ನನ್ನ ಪಾಲಿನದು ಪರದೆಗಳು. ಯಾರ ಮನೆಗೋ ಹೊಲಿದು ಇನ್ನೂ ಒಯ್ಯದೆ ಉಳಿದವು. ಸಂಜೆ ದೊಡ್ಡಮ್ಮ ಎಲ್ಲವನ್ನೂ ಒರೆಸಿ, ಒಂದು ಮೀನೂ ಕಡಿಮೆಯಾಗದಂತೆ, ಅವರವರದನ್ನು ಅವರವರಿಗೆ ಮುಟ್ಟಿಸುತ್ತಿದ್ದಳು. ಯಾಕೆ ದೊಡ್ಡಮ್ಮ ಇಷ್ಟು ಒದ್ದಾಡ್ತೀಯಾ ಅಂದರೆ, "ಮನೆಗೆ ನೆಂಟರು ಬಂದಾಗ ಹರಿದ ಚಾಪೆ ಹಾಸ್ತಾರೇನೋ?" ಅನ್ನುತ್ತಿದ್ದಳು. ಅವಳಿಗೆ ಶಾಲೆ ಅಂದರೆ ಮನೆ. ಆ ಮನೆಯ ಮಾನ ಅವಳ ಕೈಯಲ್ಲಿತ್ತು.

ಈಗ ಅವಳ ಮೊಮ್ಮಗಳ ವಿಷಯ. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರಿಂದ ಮಗು ಅಜ್ಜಿಯ ಸೆರಗು ಹಿಡಿದೇ ಶಾಲೆಗೆ ಬರುತ್ತಿತ್ತು. ಗುಬ್ಬಿ ಅಂತ ಕರೆಯುತ್ತಿದ್ದೆವು. ಬಾಯಿ ಚುರುಕು, ಕೈ ಚುರುಕು, ಪುಸ್ತಕ ತೆರೆದರೆ ಮಾತ್ರ ಕಣ್ಣಲ್ಲಿ ನೀರು. ಅಜ್ಜಿಗೆ ಚೆದುರಿದ ಇರುವೆ ಸಾಲೇ ಮೊಮ್ಮಗಳಿಗೂ ಚೆದುರಿತ್ತು. ಕ್ಲಾಸ್ ಟೀಚರ್ ಮೊದಲು ಹಿಂದಿನ ಬೆಂಚಿಗೆ ಕಳಿಸಿದರು. ಆಮೇಲೆ ಗಿಡಕ್ಕೆ ನೀರು ಹಾಕು ಅಂದರು. ಒಂದು ದಿನ ಗುಬ್ಬಿ ಅಂಗಳದಲ್ಲಿ ಪೊರಕೆ ಹಿಡಿದು ನಿಂತದ್ದನ್ನು ದೊಡ್ಡಮ್ಮ ನೋಡಿದಳು. ಮಗುವಿನ ಕೈಯಿಂದ ಪೊರಕೆ ಕಿತ್ತುಕೊಂಡು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ಅದಾದ ವರ್ಷವೇ ನಿಧಾನ ಟೀಚರ್ ಬಂದರು. ಓದಲು ಕಷ್ಟಪಡುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದಕ್ಕೆ ಅಂತಲೇ ಕೇಂದ್ರ ಸರ್ಕಾರ ದುಡ್ಡು ಕೊಟ್ಟು ಇಟ್ಟ ಟೀಚರ್. ಅವರ ಸಂಬಳದ ಒಂದು ಕಾಸೂ ನಮ್ಮ ಸರ್ಕಾರದ್ದಲ್ಲ. ಮಾತೆತ್ತಿದರೆ "ನಿಧಾನ, ನಿಧಾನ" ಅನ್ನುತ್ತಿದ್ದರು, ಅದಕ್ಕೇ ಆ ಹೆಸರು. ಹಿಂಬದಿಯ ಪುಟ್ಟ ಕೋಣೆಯಲ್ಲಿ ಹಳೇ ರಟ್ಟಿನ ಮೇಲೆ ಅಕ್ಷರ ಕೊರೆದು, ಮಕ್ಕಳ ಬೆರಳನ್ನು ಅದರ ಮೇಲೆ ಓಡಿಸಿ, ಕಣ್ಣು ಮುಚ್ಚಿಸಿ, ತೆರೆಸಿ, ಏನೇನೋ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಗುಬ್ಬಿ ನನ್ನ ಅಂಗಡಿಗೆ ಬಂದು ನೂಲಿನ ಡಬ್ಬದ ಮೇಲೆ ಬೆರಳಿಟ್ಟು "ಗ... ಟ್ಟಿ... ನೂ... ಲು" ಅಂತ ಓದಿತು. ನಾನು ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ಇಂಥ ಟೀಚರನ್ನು ಕೇಂದ್ರವೇ ಯಾಕೆ ಕೊಡಬೇಕು ಅಂತ ಹೆಡ್ ಮೇಷ್ಟ್ರು ಒಮ್ಮೆ ಚೆನ್ನಾಗಿ ಬಿಡಿಸಿ ಹೇಳಿದ್ದರು. "ನೋಡಪ್ಪ, ಎಲ್ಲಾ ಮಕ್ಕಳಿಗೂ ಬೇಕಾದ್ದನ್ನ ಇಲ್ಲಿಯವರು ಹೇಗೋ ಕೊಡ್ತಾರೆ. ಒಂದಿಬ್ಬರಿಗೆ ಮಾತ್ರ ಬೇಕಾದ್ದನ್ನ ಯಾರೂ ಕೊಡಲ್ಲ. ಊರಿಗೆ ಒಂದಿಬ್ಬರು ಅಂದ್ರೆ ಯಾವ ಊರಿಗೂ ಅವರು ಕಣ್ಣಿಗೆ ಬೀಳಲ್ಲ. ದುಡ್ಡು ಬಂದ್ರೆ ಮೊದಲು ಕಾಂಪೌಂಡಿಗೆ ಬಣ್ಣ ಹೊಡೆಸೋಣ ಅಂತಾರೆ. ಆದ್ರೆ ದೇಶದಲ್ಲಿರೋ ಅಂಥ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ ನೋಡು, ಅವರದ್ದೇ ಒಂದು ದೊಡ್ಡ ಪಟ್ಟಣ ಆಗುತ್ತೆ. ಅಷ್ಟು ದೂರದಿಂದ ನೋಡಿದವರಿಗೆ ಮಾತ್ರ ಆ ಪಟ್ಟಣ ಕಾಣೋದು. ಅದಕ್ಕೇ ಕೇಂದ್ರ ಬೇಕು."

ಇಂಥ ಹೊತ್ತಿನಲ್ಲಿ ಕೇಂದ್ರಕ್ಕೆ ತನ್ನ ಕೈ ಚಿಕ್ಕದು ಮಾಡಿಕೊಳ್ಳುವ ಮನಸ್ಸಾಯಿತು. ಶಾಲೆಗಳಿಗೆ ಕೊಡುವುದು ನಿಜಕ್ಕೂ ಬೇಕೇ ಅಂತ ನೋಡಿಕೊಂಡು ಬರಲು ಊರೂರಿಗೆ ಸಾಹೇಬರನ್ನು ಅಟ್ಟಿದರು. ನಮ್ಮಲ್ಲಿಗೂ ಒಬ್ಬರು ಬಂದರು.

ಯಾವ ತಪಾಸಣೆ, ಏನು ಎತ್ತ ಅಂತ ದೊಡ್ಡಮ್ಮ ಕೇಳಲಿಲ್ಲ. ಕೇಂದ್ರದ ಸಾಹೇಬರು ಅಂದಮೇಲೆ ಇನ್ನೂ ಜೋರಾಗಿಯೇ ಸಿಂಗರಿಸಿದಳು. ನೆಲ ಎಷ್ಟು ಉಜ್ಜಿದಳೆಂದರೆ ಡ್ರಿಲ್ ಮೇಷ್ಟ್ರು ಜಾರಿ ಬಿದ್ದರು. ಸಾಹೇಬರು ಸೋಫಾದಲ್ಲಿ ಕೂತು, ಮೀನು ನೋಡಿ, "ಇದು ಯಾವ ತರಗತಿಯ ಪಾಠ?" ಅಂದರು. ಹೆಡ್ ಮೇಷ್ಟ್ರು "ಎಲ್ಲಾ ತರಗತಿಗೂ ಸರ್" ಅಂದರು. ಸಾಹೇಬರು ತಲೆದೂಗಿದರು. ಹಿಂಬದಿಯ ಕೋಣೆ ಮಾತ್ರ ದೊಡ್ಡಮ್ಮನಿಗೆ ಇರಿಸುಮುರಿಸು. ಹರಿದ ಚಾಪೆ, ಮೂಲೆ ಮುರಿದ ರಟ್ಟು, ತಡವರಿಸುವ ಮಕ್ಕಳು, ಅದರಲ್ಲಿ ತನ್ನ ಮೊಮ್ಮಗಳು. ನೆಂಟರಿಗೆ ತೋರಿಸುವಂಥದ್ದೇ ಅದು? ಬಾಗಿಲು ಎಳೆದುಕೊಂಡು, ಅದರ ಮೇಲೆ ನನ್ನ ಪರದೆಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ತೂಗುಹಾಕಿದಳು. ಸಾಹೇಬರು ಪರದೆಯ ಬಟ್ಟೆ ಮುಟ್ಟಿ ನೋಡಿ ಹೊಗಳಿ ಹೋದರು.

ಆ ಬಟ್ಟೆಯ ಹೊಗಳಿಕೆಗೆ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ, ಸುಳ್ಳೇಕೆ ಹೇಳಲಿ.

ಆಮೇಲೆ ಆದೇಶ ಬಂತು. ಈ ಶಾಲೆ ತನ್ನ ಕಾಲ ಮೇಲೆ ತಾನು ನಿಂತಿದೆ, ಓದಲು ಕಷ್ಟಪಡುವ ಮಕ್ಕಳು ಇಲ್ಲಿ ಕಂಡುಬಂದಿಲ್ಲ, ಆದ್ದರಿಂದ ವರ್ಷದ ಕೊನೆಗೆ ಆ ಟೀಚರ ಹುದ್ದೆ ರದ್ದು. ನಮ್ಮದು ಮಾತ್ರ ಅಲ್ಲ. ಸಾಹೇಬರುಗಳು ಹೋದಲ್ಲೆಲ್ಲ ಶಾಲೆಗಳು ಥಳಥಳ ಹೊಳೆಯುತ್ತಿದ್ದವಂತೆ, ಯಾಕೆಂದರೆ ಶಾಲೆಗೊಬ್ಬಳು ದೊಡ್ಡಮ್ಮ ಇದ್ದೇ ಇರುತ್ತಾಳೆ. ಇಡೀ ದೇಶ ಪಕ್ಕದ ಅಂಗಡಿಯ ಗಡಿಯಾರ ತಂದು ಗೋಡೆಗೆ ಹಾಕಿಕೊಂಡಿತ್ತು. ಅದನ್ನೇ ನಂಬಿ ಮಂತ್ರಿಗಳು, ಸರ್ಕಾರಿ ಶಾಲೆಗಳ ಏಳಿಗೆ ಕಂಡು ಕಣ್ಣು ತುಂಬಿ ಬಂತು, ಇನ್ನು ದುಡ್ಡು ಕೊಟ್ಟು ಅವುಗಳಿಗೆ ಅವಮಾನ ಮಾಡುವುದಿಲ್ಲ ಅಂದುಬಿಟ್ಟರು.

ಹೆಡ್ ಮೇಷ್ಟ್ರು ಆದೇಶ ಓದಿ ಹೇಳಿದಾಗ ದೊಡ್ಡಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. "ನಾನೇ ಬಾಗಿಲು ಮುಚ್ಚಿದೆ. ಮಗೂನ ಒಳಗಿಟ್ಟು ನಾನೇ ಮುಚ್ಚಿದೆ" ಅಂತ ಅದನ್ನೇ ಹೇಳಿದಳು. ಹೆಡ್ ಮೇಷ್ಟ್ರು ಮೇಲ್ಮನವಿ ಹಾಕಿದರು. ಇನ್ನೊಮ್ಮೆ ನೋಡಲು ಮೇಡಂ ಒಬ್ಬರು ಬರುತ್ತಾರೆ ಅಂತಾಯಿತು.

ಈ ಸಲ ಶಾಲೆಯನ್ನು ಬಡವಾಗಿ ಕಾಣಿಸಬೇಕು ಅಂತ ಟೀಚರುಗಳ ಸಭೆ ತೀರ್ಮಾನಿಸಿತು. ತಮಾಷೆ ಎಂದರೆ ಇದ್ದದ್ದು ಇದ್ದ ಹಾಗೆ ಬಿಟ್ಟರೆ ಸಾಕಾಗಿತ್ತು. ಆದರೆ ತಪಾಸಣೆ ಅಂದಮೇಲೆ ಏನಾದರೂ ಮಾಡದೆ ಇರುವುದು ಯಾರಿಗೂ ಬರುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರು ಕಿಟಕಿ ಗಾಜು ಒಡೆಯುತ್ತೇನೆ ಅಂದರು. ಟೀ ಅಂಗಡಿಯಿಂದ ಕಾಲು ಮುರಿದ ಬೆಂಚು ಎರವಲು ತಂದರು. ಗ್ಯಾರೇಜಿನಿಂದ ತುಕ್ಕು ಹಿಡಿದ ಕುರ್ಚಿ ಬಂತು. ಕ್ಲಾಸುಗಳಿಗೆ ಧೂಳು ಎರಚುವ ಕೆಲಸ ದೊಡ್ಡಮ್ಮನಿಗೆ ಬಿತ್ತು. ಪಾಪ, ಒಂದು ಕೈಯಲ್ಲಿ ಎರಚಿದಳು, ಇನ್ನೊಂದು ಕೈಯಲ್ಲಿ ಗುಡಿಸಿದಳು. ತುಕ್ಕು ಕುರ್ಚಿಗೆ ಎಣ್ಣೆ ಹಾಕಿ ಒರೆಸಿದಳು. "ಏನು ಮಾಡ್ಲಿ, ಕೈ ಕೇಳಲ್ಲ" ಅಂದಳು.

ಇದು ಒಂದು ಕಡೆ. ಇನ್ನೊಂದು ಕಡೆ, ಗುಟ್ಟು ಹೊರಗೆ ಹೋಗಬಾರದು ಅಂತ ಹೆಡ್ ಮೇಷ್ಟ್ರು ಬೀದಿಯವರಿಗೆ ಏನನ್ನೂ ಬಿಡಿಸಿ ಹೇಳಿರಲಿಲ್ಲ. ನಮಗೆ ಗೊತ್ತಾದದ್ದು ತಪಾಸಣೆ ಇದೆ ಅಂತ ಮಾತ್ರ. ದೊಡ್ಡಮ್ಮ ಕೇಳಲು ಬರಲಿಲ್ಲ, ಪಾಪ ಅವಳ ಮನಸ್ಸು ನೆಟ್ಟಗಿಲ್ಲ, ನಾವೇ ಸಹಾಯ ಮಾಡೋಣ ಅಂತ ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ಬೆಳಿಗ್ಗೆಯೇ ತಂದಿಟ್ಟೆವು. ಹಲ್ಲಿನ ಡಾಕ್ಟರು ಎರಡು ಹೊಸ ಮೀನು ಬೇರೆ ಬಿಟ್ಟಿದ್ದರು. ನಾನು ಕಿಟಕಿಗೂ ಹಿಂಬದಿಯ ಕೋಣೆಯ ಬಾಗಿಲಿಗೂ ಪರದೆ ತೂಗುಹಾಕಿ ಬಂದೆ.

ಮೇಡಂ ಬಂದು ಇಳಿದಾಗ ಶಾಲೆಯ ಸ್ಥಿತಿ ಹೀಗಿತ್ತು: ಕಾಲು ಮುರಿದ ಬೆಂಚಿನ ಮೇಲೆ ಮೀನಿನ ತೊಟ್ಟಿ, ನೀರು ಒಂದು ಕಡೆ ವಾಲಿ ಮೀನುಗಳೆಲ್ಲ ಒಂದೇ ಮೂಲೆಯಲ್ಲಿ. ಒಡೆದ ಕಿಟಕಿಗೆ ರೇಷ್ಮೆ ಪರದೆ. ಸೋಫಾದ ಪಕ್ಕ ತುಕ್ಕು ಕುರ್ಚಿ. ಹರಕು ಅಂಗಿ ಹಾಕಿಕೊಂಡ ಹೆಡ್ ಮೇಷ್ಟ್ರು. ಅವರ ತಲೆ ಮೇಲೆ ಹಿಂದಕ್ಕೆ ಓಡುವ ಗಡಿಯಾರ. ನಾವು ಬೀದಿಯವರು ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದೆವು. ಮೇಡಂ ಅದೆಲ್ಲವನ್ನೂ ನೋಡಿದರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನನಗೆ ಒಂದೇ ಪ್ರಶ್ನೆ. ಶಾಲೆ ಚೆನ್ನಾಗಿದೆಯೋ ಇಲ್ವೋ?"

ಹೆಡ್ ಮೇಷ್ಟ್ರು ಹುಷಾರಾಗಿ ಕೇಳಿದರು. "ಚೆನ್ನಾಗಿದ್ರೆ ಏನಾಗುತ್ತೆ ಮೇಡಂ?"

"ಚೆನ್ನಾಗಿದ್ರೆ ಅನುದಾನ ಬೇಕಾಗಿಲ್ಲ."

"ಚೆನ್ನಾಗಿಲ್ದಿದ್ರೆ?"

"ಇಷ್ಟು ದಿನ ಕೊಟ್ಟೂ ಚೆನ್ನಾಗಾಗಿಲ್ಲ ಅಂದ್ರೆ ಕೊಟ್ಟು ಪ್ರಯೋಜನ ಇಲ್ಲ ಅಂತಾಯ್ತಲ್ಲ. ಆಗಲೂ ಬೇಕಾಗಿಲ್ಲ."

"ಹಾಗಾದ್ರೆ ಯಾವಾಗ ಕೊಡ್ತೀರಿ?"

"ಅದನ್ನ ನನ್ನ ಕೇಳಬೇಡಿ. ಕೊಡೋ ವಿಭಾಗ ಮುಚ್ಚಿದ್ದಾರೆ. ನಾನು ನಿಲ್ಲಿಸೋ ವಿಭಾಗದವಳು."

ನನಗೆ ಮೈ ಉರಿದುಹೋಯಿತು. ಆಗ ದೊಡ್ಡಮ್ಮ ಪೊರಕೆಯನ್ನು ಗೋಡೆಗೆ ಆನಿಸಿ ಮುಂದೆ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಮೇಡಂ ಕಡೆ ನೋಡದೆ ಗೇಟಿನ ಕಡೆ ತಿರುಗಿದಳು.

"ಏ ಸಲೂನು, ಬಾರೋ, ನಿನ್ನ ಗಡಿಯಾರ ತಗೊಂಡ್ಹೋಗು."

ಅವನು ತಬ್ಬಿಬ್ಬಾದ. "ಸಂಜೆ ತಗೊಂಡ್ರಾಯ್ತು ಬಿಡು ದೊಡ್ಡಮ್ಮ."

"ಈಗ ತಗೋ ಅಂದ್ನಲ್ಲ. ಡಾಕ್ಟ್ರೇ, ನಿಮ್ಮ ಮೀನು. ಗಾರ್ಡಪ್ಪ, ಕುಂಡ ಎತ್ಕೋ. ಸೋಫಾ ಯಾರದ್ದು, ಬನ್ನಿ ಬನ್ನಿ."

ಒಬ್ಬೊಬ್ಬರಾಗಿ ಒಳಗೆ ಹೋದೆವು. ತಲೆ ತಗ್ಗಿಸಿಕೊಂಡು, ಕದ್ದ ಮಾಲು ಒಪ್ಪಿಸುವವರ ಹಾಗೆ, ನಮ್ಮ ನಮ್ಮದನ್ನೇ ಎತ್ತಿಕೊಂಡು ಬಂದೆವು. ಗಡಿಯಾರ ಹೋಯಿತು, ಕಂಪ್ಯೂಟರು ಹೋಯಿತು, ಪುಸ್ತಕಗಳು ತಳ್ಳುಗಾಡಿಯಲ್ಲಿ ಹೋದವು. ಮೇಡಂ ಕೂತಿದ್ದ ಸೋಫಾ ಎತ್ತಲು ಬಂದಾಗ ಅವರು ಎದ್ದು ತುಕ್ಕು ಕುರ್ಚಿಗೆ ಹೋದರು. ಅಷ್ಟರಲ್ಲಿ ಗ್ಯಾರೇಜಿನವನು ಬಂದು "ಅದು ನಮ್ಮದು ಮೇಡಂ" ಅಂದ. ಬೆಂಚಿನ ಕಡೆ ನೋಡಿದರೆ ಟೀ ಅಂಗಡಿಯವಳು ಅದನ್ನು ಆಗಲೇ ತಲೆ ಮೇಲೆ ಹೊತ್ತಾಗಿತ್ತು. ಶಾಲೆಯ ಬಡತನವೂ ಶಾಲೆಯದಾಗಿರಲಿಲ್ಲ. ಕೇಂದ್ರ ಸರ್ಕಾರ ಬರೀ ನೆಲದ ಮೇಲೆ ನಿಂತುಕೊಂಡಿತು.

ಕೊನೆಗೆ ಉಳಿದದ್ದು ನನ್ನ ಪರದೆ. "ನೀನೂ ತಗೋಳಪ್ಪ" ಅಂದಳು ದೊಡ್ಡಮ್ಮ. ಧ್ವನಿ ಸಣ್ಣದಾಗಿತ್ತು. ನಾನು ಎಳೆದೆ. ಹಿಂಬದಿಯ ಕೋಣೆಯ ಬಾಗಿಲನ್ನು ಅವಳೇ ತಳ್ಳಿದಳು.

ಒಳಗೆ ಹರಿದ ಚಾಪೆಯ ಮೇಲೆ ಮಕ್ಕಳ ನಡುವೆ ನಿಧಾನ ಟೀಚರ್ ಕೂತಿದ್ದರು. ಒಬ್ಬ ಹುಡುಗ ರಟ್ಟಿನ ಅಕ್ಷರದ ಮೇಲೆ ಬೆರಳಿಟ್ಟು ಒದ್ದಾಡುತ್ತಿದ್ದ. ಅವನು ಮುಗಿಸುವ ತನಕ ಟೀಚರ್ ನಮ್ಮ ಕಡೆ ತಿರುಗಲೂ ಇಲ್ಲ.

"ಇಷ್ಟು ನಮ್ಮದು ಮೇಡಂ" ಅಂದಳು ದೊಡ್ಡಮ್ಮ. "ಇದನ್ನ ನಾವು ಯಾರ ಹತ್ರಾನೂ ಎರವಲು ತಂದಿಲ್ಲ. ನೀವು ಕೊಟ್ಟಿದ್ದು. ಹಿಂದಿನ ಸಲ ನಾನು ಇದೊಂದನ್ನೇ ಮುಚ್ಚಿಟ್ಟು, ಬೇರೆಯವರದ್ದನ್ನೆಲ್ಲ ತೋರಿಸ್ದೆ."

ಮೇಡಂ ಬಾಗಿಲಿಗೆ ಬಂದು ಒಳಗೆ ಇಣುಕಿದರು. ಮೊದಲ ಬಾರಿಗೆ ಅವರ ಹಣೆಯಲ್ಲಿ ಗೆರೆ ಮೂಡಿತು. ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ.

"ಅಂದ್ರೆ ಮೊದಲಿನ ತಪಾಸಣೆ ಸುಳ್ಳು. ಸುಳ್ಳು ಅಂದ್ರೆ ತಪಾಸಣೆ ಆಗೇ ಇಲ್ಲ. ತಪಾಸಣೆ ಆಗದ ಶಾಲೆಯ ಅನುದಾನ ನಿಲ್ಲಿಸೋಕೆ ನಮ್ಮ ವಿಭಾಗಕ್ಕೆ ಅಧಿಕಾರ ಇಲ್ಲ. ಟೀಚರ್ ಇರ್ತಾರೆ." ಆಮೇಲೆ ಧ್ವನಿ ತಗ್ಗಿಸಿದರು. "ಆದ್ರೆ ಸರ್ಕಾರದ ಕಣ್ಣಿಗೆ ಮಣ್ಣೆರಚಿದ್ದು ಯಾರು ಅಂತ ನಾನು ಒಬ್ಬರ ಹೆಸರು ಕೊಡಲೇಬೇಕಾಗುತ್ತೆ. ಅವರ ಕೆಲಸ ಹೋಗುತ್ತೆ."

ಹೆಡ್ ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟರು. ಒಳ್ಳೆಯ ಮನುಷ್ಯ, ಅದನ್ನು ನಾನು ಮರೆಯುವುದಿಲ್ಲ. ದೊಡ್ಡಮ್ಮ ಅವರ ಹರಕು ಅಂಗಿ ಹಿಡಿದು ಹಿಂದಕ್ಕೆಳೆದಳು. "ನೀವು ಸುಮ್ನಿರಿ ಮೇಷ್ಟ್ರೇ. ನಿಮಗೆ ಬೇಕಾದಷ್ಟು ಪಾಠ ಬಾಕಿ ಇದೆ." ಮೇಡಂಗೆ ಹೇಳಿದಳು: "ನಾನು. ಬರ್ಕೊಳ್ಳಿ."

ಮೇಡಂ ಬರೆದುಕೊಂಡರು. ಹೊರಡುವಾಗ ಕಾರಿನ ಹತ್ತಿರ ನಿಂತು, ಗೇಟಿನಲ್ಲಿದ್ದ ನಮಗೆ ಕೇಳುವ ಹಾಗೆ, "ಬೇರೆ ಶಾಲೆಗಳಲ್ಲೂ ಪರದೆ ಎಳೆಸಿ ನೋಡಬೇಕಿತ್ತು" ಅಂದರು. ನೋಡಿದರೋ ಬಿಟ್ಟರೋ ಗೊತ್ತಿಲ್ಲ.

ದೊಡ್ಡಮ್ಮನನ್ನು ತೆಗೆದುಹಾಕಿದ ಆದೇಶ ತಡವಾಗಿ ಬಂತು. ಅಷ್ಟರಲ್ಲಿ ಹೊಸ ವರ್ಷದ ಪಾಠ ಶುರುವಾಗಿತ್ತು, ನಿಧಾನ ಟೀಚರ್ ಹಿಂಬದಿಯ ಕೋಣೆಯಲ್ಲೇ ಇದ್ದರು. ಹೆಡ್ ಮೇಷ್ಟ್ರು ಆ ಹಾಳೆಯನ್ನು ತಾವೇ ತಂದರು. ಓದಿ ಹೇಳಲು ಅವರಿಂದ ಆಗಲಿಲ್ಲ. ನನ್ನ ಮೇಜಿನ ಮೇಲಿಟ್ಟು ಹೋಗಿಬಿಟ್ಟರು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಕನ್ನಡಕ ಹುಡುಕುವ ನೆಪದಲ್ಲಿ ಅತ್ತಿತ್ತ ತಡಕಾಡಿದೆ. ಅವಳು ಹಾಳೆಯನ್ನು ನನ್ನ ಕೈಗೆ ಕೊಡಲೇ ಇಲ್ಲ. ಶಾಲೆ ಬಿಟ್ಟು ಓಡಿಬಂದ ಗುಬ್ಬಿಗೆ ಕೊಟ್ಟಳು. "ಓದಮ್ಮ."

ಗುಬ್ಬಿ ಸಾಲಿನ ಕೆಳಗೆ ಬೆರಳಿಟ್ಟಿತು. ಸರ್ಕಾರದ ಕನ್ನಡ ನಿಮಗೆ ಗೊತ್ತಲ್ಲ, ಒಂದೊಂದು ಪದ ಮೂಟೆಯಷ್ಟು ಭಾರ. "ಸ... ದರಿ ನೌ... ಕರಳು ಕರ್... ತವ್ಯ... ಲೋಪ..." ನಿಂತಿತು, ಉಸಿರು ತೆಗೆದುಕೊಂಡಿತು, ಮತ್ತೆ ಹೊರಟಿತು. ದೊಡ್ಡಮ್ಮ ಮುಂದಕ್ಕೆ ಬಾಗಿ, ಬಾಯಿ ಅರ್ಧ ತೆರೆದು, ಪ್ರತಿ ಪದಕ್ಕೂ ತಲೆಯಾಡಿಸುತ್ತ ಕೇಳುತ್ತಿದ್ದಳು. ಕೊನೆಯ ಸಾಲಿನವರೆಗೂ ಮಗು ಓದಿತು, ಕೆಳಗಿನ ಸಹಿಯನ್ನೂ ಓದಲು ನೋಡಿತು.

"ಕೇಳಿದ್ಯಾ?" ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಮುಖ ಊರಗಲವಾಗಿತ್ತು. "ಒಂದಕ್ಷರಾನೂ ಬಿಡಲಿಲ್ಲ!"

ಅಷ್ಟಕ್ಕೆ ಮುಗಿಯಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಸಲೂನಿಗೆ ಹೋದಳು, ಅಲ್ಲಿ ಓದಿಸಿದಳು. ಅರ್ಧ ಕ್ಷೌರವಾಗಿದ್ದ ಗಿರಾಕಿ ಪೂರ್ತಿ ಕೇಳಿ ಚಪ್ಪಾಳೆ ತಟ್ಟಿದ, ಏನು ಓದುತ್ತಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹಲ್ಲಿನ ಡಾಕ್ಟರಲ್ಲಿಗೆ ಹೋದರು, ಟೀ ಅಂಗಡಿಗೆ ಹೋದರು. ನಾನು ಅಂಗಡಿ ಬಿಟ್ಟು ಅವರ ಹಿಂದೆಯೇ ಹೋದೆ. ಬ್ಯಾಂಕಿನ ಮೆಟ್ಟಿಲ ಮೇಲೆ ಗಾರ್ಡಿಗೆ ಓದಿ ಹೇಳುವಾಗ ಗುಬ್ಬಿ ಮಧ್ಯದಲ್ಲಿ ನಿಲ್ಲಿಸಿ ಹಾಳೆಯಿಂದ ತಲೆ ಎತ್ತಿತು.

"ಅಜ್ಜಿ, ವಜಾ ಅಂದ್ರೆ ಏನು?"

"ಅದು ನಂಗೂ ಗೊತ್ತಿಲ್ಲ ಕಣೆ" ಅಂದಳು ದೊಡ್ಡಮ್ಮ. "ನೀನು ಮುಂದೆ ಓದು."